ಮೇಲ್ ಸರ್ವರ್‌ಗೆ ಬ್ಲಾಕ್‌ಲಿಸ್ಟ್ ಕ್ಯಾಶ್: ಅನ್‌ಬೌಂಡ್ ಸಾಕಾ, ಆರ್‌ಬಿಎಲ್‌ಡಿಎನ್‌ಎಸ್‌ಡಿ ಬೇಕಾ?

ಮೇಲ್ ಸರ್ವರ್ ನೋಡಿಕೊಳ್ಳುವವರಿಂದ ಪದೇ ಪದೇ ಕೇಳಿಬರುವ ದೂರು ಒಂದಿದೆ: "ಸ್ಪ್ಯಾಮ್‌ಹೌಸ್ ಪಟ್ಟಿ ಹಾಕಿದ್ದೀನಿ, ಆದರೂ ಸ್ಪ್ಯಾಮ್ ಹಾಗೇ ಬರ್ತಿದೆ." ಸ್ಪ್ಯಾಮ್‌ಹೌಸ್ ಅಂದರೆ ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ (ಬ್ಲಾಕ್‌ಲಿಸ್ಟ್) ನಡೆಸುವ ಸಂಸ್ಥೆ. ಆ ಪಟ್ಟಿಯನ್ನು ಕೇಳುವುದು ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಮೂಲಕ. ಹೋಗಿ ನೋಡಿದರೆ ಮೇಲ್ ಸರ್ವರ್ ಪ್ರೋಗ್ರಾಂ ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್ ಸರಿಯಾಗಿಯೇ ಇರುತ್ತದೆ. ಎಡವಟ್ಟು ಇರುವುದು ಅದರ ಕೆಳಗೆ. ಸರ್ವರ್‌ನ ಡಿಎನ್‌ಎಸ್ ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1 ಎಂಬ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಹುಡುಕಿಕೊಡುವ ಸರ್ವರ್) ಕಡೆಗೆ ತಿರುಗಿರುತ್ತದೆ. ಸರ್ವರ್ ತಂದವರು ಯಾರೋ ಮೊದಲ ದಿನ ಹಾಕಿಟ್ಟದ್ದು, ಆಮೇಲೆ ಯಾರೂ ಮುಟ್ಟಿಲ್ಲ.

ಇದಕ್ಕೆ ಎಲ್ಲರೂ ಕೊಡುವ ಸಲಹೆ "ಲೋಕಲ್ ಕ್ಯಾಶ್ ಹಾಕಿ" ಅಂತ, ಅಂದರೆ ಉತ್ತರ ನೆನಪಿಟ್ಟುಕೊಳ್ಳುವ ಡಿಎನ್‌ಎಸ್ ಪ್ರೋಗ್ರಾಂ ಒಂದನ್ನು ನಿಮ್ಮದೇ ಸರ್ವರ್‌ನಲ್ಲಿ ಓಡಿಸುವುದು. ಸಲಹೆ ಸರಿ, ಆದರೆ ಅರ್ಧ. ಯಾವ ಕ್ಯಾಶ್? ಡಿಎನ್‌ಎಸ್‌ಮಾಸ್ಕ್ ಸಾಕಾ, ಅನ್‌ಬೌಂಡ್ ಬೇಕಾ, ಇಲ್ಲಾ ಇಡೀ ಪಟ್ಟಿಯನ್ನೇ ಆರ್‌ಸಿಂಕ್‌ನಲ್ಲಿ (ಕಡತ ನಕಲಿಸುವ ಪ್ರೋಗ್ರಾಂ) ಇಳಿಸಿಕೊಂಡು ಆರ್‌ಬಿಎಲ್‌ಡಿಎನ್‌ಎಸ್‌ಡಿ ಓಡಿಸಬೇಕಾ? ಮೂರೂ ಹೊರಗಿಂದ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ ಕೆಲಸ ಮಾಡುತ್ತವೆ.

ಪ್ರಶ್ನೆ ಯಾರ ಐಪಿಯಿಂದ ಹೋಗುತ್ತೆ

ಬ್ಲಾಕ್‌ಲಿಸ್ಟ್ ಕೇಳುವ ರೀತಿ ತುಂಬಾ ಸರಳ. ನಿಮ್ಮ ಸರ್ವರ್‌ಗೆ ಮೇಲ್ ತಂದವನ ಐಪಿ 192.0.2.45 ಅಂದುಕೊಳ್ಳಿ. ಅದನ್ನು ತಿರುಗಿಸಿ 45.2.0.192 ಮಾಡಿ, ಹಿಂದೆ ಪಟ್ಟಿಯ ಡೊಮೇನ್ ಹೆಸರು ಅಂಟಿಸಿ, ಮಾಮೂಲಿ ಎ ರೆಕಾರ್ಡ್ (ಆ ಹೆಸರಿನ ಐಪಿ) ಕೇಳುವುದು. 127ರಿಂದ ಶುರುವಾಗುವ ಉತ್ತರ ಬಂದರೆ ಸಾಮಾನ್ಯವಾಗಿ ಆ ಐಪಿ ಪಟ್ಟಿಯಲ್ಲಿದೆ. "ಅಂಥ ಹೆಸರೇ ಇಲ್ಲ" ಅಂತ ಬಂದರೆ ಪಟ್ಟಿಯಲ್ಲಿಲ್ಲ. 1997ರಲ್ಲಿ ಪಾಲ್ ವಿಕ್ಸಿ ಶುರು ಮಾಡಿದ ಆರ್‌ಬಿಎಲ್ ಎಂಬ ಬ್ಲಾಕ್‌ಲಿಸ್ಟ್ ಕಾಲದಿಂದ ಬಂದ ಈ ಪದ್ಧತಿಯನ್ನು 2010ರ ಆರ್‌ಎಫ್‌ಸಿ 5782 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ.

ಒಂದು ಮೇಲ್‌ಗೆ ಇಂಥ ಪ್ರಶ್ನೆ ಒಂದೇ ಅಲ್ಲ. ಪೋಸ್ಟ್‌ಫಿಕ್ಸ್‌ನ ಬಾಗಿಲಲ್ಲೇ ತಪಾಸಣೆ ಮಾಡುವ ಪೋಸ್ಟ್‌ಸ್ಕ್ರೀನ್, ನೀವು ಬರೆದಿದ್ದರೆ, ಮೂರು ಪಟ್ಟಿ ಕೇಳುತ್ತದೆ. ಆಮೇಲೆ ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್ ಅಥವಾ ಆರ್‌ಸ್ಪ್ಯಾಮ್‌ಡಿ ಬಂದು ಹೆಡರ್‌ನಲ್ಲಿರುವ ಐಪಿಗಳನ್ನೂ ಮೇಲ್ ಒಳಗಿನ ಲಿಂಕ್‌ಗಳ ಡೊಮೇನ್‌ಗಳನ್ನೂ ಇನ್ನಷ್ಟು ಪಟ್ಟಿಗಳಲ್ಲಿ ಕೇಳುತ್ತದೆ. ಒಂದು ಮೇಲ್‌ಗೆ ಹದಿನೈದು ಪ್ರಶ್ನೆ ಅಂತ ಇಟ್ಟುಕೊಂಡರೂ, ದಿನಕ್ಕೆ 10,000 ಮೇಲ್ ಬರುವ ಸರ್ವರ್ 1,50,000 ಪ್ರಶ್ನೆ ಕೇಳುತ್ತದೆ.

ಪಟ್ಟಿ ನಡೆಸುವವರು ಇದನ್ನು ಎಣಿಸುತ್ತಾರೆ. ಹೇಗೆ? ಪ್ರಶ್ನೆ ಯಾವ ಐಪಿಯಿಂದ ಬಂತೋ ಅದರ ಲೆಕ್ಕದಲ್ಲಿ. ಗೂಗಲ್‌ನ ರಿಸಾಲ್ವರ್ ಮೂಲಕ ಹೋದರೆ ನಿಮ್ಮ ಪ್ರಶ್ನೆ ಲಕ್ಷಾಂತರ ಜನರ ಪ್ರಶ್ನೆಗಳ ಜತೆ ಸೇರಿಹೋಗುತ್ತದೆ. ಇಡೀ ಅಪಾರ್ಟ್‌ಮೆಂಟ್‌ಗೆ ಒಂದೇ ಕರೆಂಟ್ ಮೀಟರ್ ಇದ್ದ ಹಾಗೆ. ಯಾರು ಎಷ್ಟು ಉರಿಸಿದರು ಅಂತ ಗೊತ್ತಾಗದಿದ್ದಾಗ ಪೂರ್ತಿ ಲೈನೇ ಕಟ್. ಸ್ಪ್ಯಾಮ್‌ಹೌಸ್ ಇಂಥ ಕಡೆಯಿಂದ ಬಂದ ಪ್ರಶ್ನೆಗೆ 127.255.255.254 ಅಂತ ಉತ್ತರಿಸುತ್ತದೆ. ಲಿಂಕ್‌ಗಳ ಡೊಮೇನ್ ಪಟ್ಟಿ ಯುಆರ್‌ಐಬಿಎಲ್ 127.0.0.1 ಕೊಡುತ್ತದೆ. ಸ್ಪ್ಯಾಮ್‌ಅಸಾಸಿನ್ ವರದಿಯಲ್ಲಿ "ಯುಆರ್‌ಐಬಿಎಲ್ ಬ್ಲಾಕ್ಡ್" ಅನ್ನೋ ನಿಯಮದ ಹೆಸರು ಕಂಡಿದ್ದರೆ ಅದು ಮೇಲ್ ಕೆಟ್ಟದ್ದು ಅಂತಲ್ಲ, ನಿಮ್ಮ ಪ್ರಶ್ನೆಗೇ ಬಾಗಿಲು ಹಾಕಿದ್ದಾರೆ ಅಂತ.

ಹಾಗಾಗಿ ಲೋಕಲ್ ಕ್ಯಾಶ್ ಆರಿಸುವಾಗ ಮೊದಲು ನೋಡಬೇಕಾದ್ದು ವೇಗ ಅಲ್ಲ. ಪ್ರಶ್ನೆ ನಿಮ್ಮದೇ ಐಪಿಯಿಂದ ಹೊರಡುತ್ತದಾ ಅನ್ನೋದು.

ಫಾರ್ವರ್ಡರ್: ಕ್ಯಾಶ್ ಇದೆ, ಉಪಯೋಗ ಇಲ್ಲ

ಈ ಲೆಕ್ಕದಲ್ಲಿ ಡಿಎನ್‌ಎಸ್‌ಮಾಸ್ಕ್ ಮೊದಲ ಸುತ್ತಿನಲ್ಲೇ ಹೊರಗೆ. ಅದು ಫಾರ್ವರ್ಡರ್. ತಾನೇ ಹುಡುಕುವುದಿಲ್ಲ, ಮೇಲಿನ ರಿಸಾಲ್ವರ್‌ಗೆ ದಾಟಿಸುತ್ತದೆ. ಮೇಲಿರುವುದು 8.8.8.8 ಆದರೆ ಕಥೆ ಮತ್ತೆ ಅದೇ. ಜತೆಗೆ ಸುಮ್ನೆ ಇನ್‌ಸ್ಟಾಲ್ ಮಾಡಿಬಿಟ್ಟರೆ ಅದರ ಕ್ಯಾಶ್‌ನಲ್ಲಿ ಹಿಡಿಸುವುದು 150 ಹೆಸರು. ಮೇಲ್ ಸರ್ವರ್‌ನಲ್ಲಿ ಅಷ್ಟು ಹೆಸರು ಒಂದೆರಡು ನಿಮಿಷದಲ್ಲೇ ತುಂಬಿ ಚೆಲ್ಲುತ್ತದೆ.

ಉಬುಂಟುವಿನಲ್ಲಿ ತಾನಾಗಿ ಬರುವ ಸಿಸ್ಟಮ್‌ಡಿ-ರಿಸಾಲ್ವ್ಡ್ ಕೂಡ ಇದೇ ಜಾತಿ. 127.0.0.53 ಅಂತ ವಿಳಾಸ ನೋಡಿ "ಓ, ಲೋಕಲ್ ಇದೆಯಲ್ಲ" ಅಂತ ನೆಮ್ಮದಿಯಾಗಿ ಇರುವವರು ಬಹಳ. ಅದು ಬರೀ ಮುಂಬಾಗಿಲು. ಹಿಂದೆ ಹೋಸ್ಟಿಂಗ್ ಕಂಪನಿಯ ರಿಸಾಲ್ವರ್ ಕೂತಿರುತ್ತದೆ, ಆ ಕಂಪನಿಯ ಸಾವಿರಾರು ಗಿರಾಕಿಗಳ ಪ್ರಶ್ನೆಗಳೂ ಅಲ್ಲಿಂದಲೇ ಹೋಗುತ್ತಿರುತ್ತವೆ. ಡೆಸ್ಕ್‌ಟಾಪ್‌ಗೆ ಇದು ಚೆನ್ನಾಗಿದೆ. ಮೇಲ್ ಸರ್ವರ್‌ಗೆ ಬೇಡ.

ಅನ್‌ಬೌಂಡ್: ಹೆಚ್ಚಿನವರು ಇಲ್ಲೇ ನಿಲ್ಲಬಹುದು

ಅನ್‌ಬೌಂಡ್ ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್‌ನದು. ಇದು ಪೂರ್ತಿ ರಿಕರ್ಸಿವ್ ರಿಸಾಲ್ವರ್. ರೂಟ್ ಸರ್ವರ್‌ನಿಂದ ಶುರು ಮಾಡಿ ತಾನೇ ಕೇಳುತ್ತಾ ಹೋಗಿ, ಪಟ್ಟಿಯ ಸರ್ವರ್‌ವರೆಗೆ ನೇರ ಮುಟ್ಟುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದ ಕೂಡಲೇ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ) ಕೆಲಸ ಶುರು. ಬೇರೆ ರಿಸಾಲ್ವರ್‌ಗೆ ದಾಟಿಸುವ ಫಾರ್ವರ್ಡ್ ಜೋನ್ ಅಂತ ಏನನ್ನೂ ಸೇರಿಸದಿದ್ದರೆ ಸಾಕು. "ವೇಗ ಆಗಲಿ" ಅಂತ ಅಲ್ಲಿ ಮತ್ತೆ 1.1.1.1 ಬರೆದರೆ ಮಾಡಿದ ಕೆಲಸವೆಲ್ಲ ನೀರಿಗೆ ಹೋಯಿತು.

ಕ್ಯಾಶ್‌ನಿಂದ ಸಿಗುವ ಲಾಭದ ಬಗ್ಗೆ ಸ್ವಲ್ಪ ವಾಸ್ತವವಾಗಿ ಯೋಚಿಸಬೇಕು. ಬಾಟ್‌ನೆಟ್‌ನಿಂದ (ಕಳ್ಳರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರ್‌ಗಳ ಹಿಂಡು) ಬರುವ ಸ್ಪ್ಯಾಮ್‌ನಲ್ಲಿ ಒಂದು ಐಪಿ ಒಂದು ಸಲ ಬಂದು ಹೋಗುತ್ತದೆ, ಮತ್ತೆ ಬರುವುದೇ ಇಲ್ಲ. ಅಂಥ ಕಡೆ ಕ್ಯಾಶ್ ಏನೂ ಉಳಿಸುವುದಿಲ್ಲ. ಉಳಿಸುವುದು ಎರಡು ಜಾಗದಲ್ಲಿ. ಒಂದು, ಜಿಮೇಲ್‌ನಂಥ ದೊಡ್ಡವರು. ಅವರ ಅದದೇ ಐಪಿಗಳು ದಿನವಿಡೀ ಬರುತ್ತವೆ. ಇನ್ನೊಂದು, ಒಂದೇ ಮೇಲ್‌ಗೆ ಎರಡು ಸಲ ಕೇಳುವುದು. ಪೋಸ್ಟ್‌ಸ್ಕ್ರೀನ್ ಈಗ ಕೇಳಿದ್ದನ್ನು ನಾಲ್ಕು ಸೆಕೆಂಡ್ ಆದಮೇಲೆ ಸ್ಪ್ಯಾಮ್‌ಅಸಾಸಿನ್ ಮತ್ತೆ ಕೇಳುತ್ತದೆ. ಎರಡನೆಯದು ಕ್ಯಾಶ್‌ನಿಂದಲೇ ಬರುತ್ತದೆ. ಇದೇ ದೊಡ್ಡ ಉಳಿತಾಯ.

ಸೆಟ್ಟಿಂಗ್ ವಿಷಯಕ್ಕೆ ಬರೋಣ. ಮೆಸೇಜ್ ಕ್ಯಾಶ್, ಆರ್‌ಆರ್‌ಸೆಟ್ ಕ್ಯಾಶ್ ಎರಡೂ ಮೊದಲಿಗೆ 4 ಎಂಬಿ ಇರುತ್ತವೆ. ಮೊದಲನೆಯದನ್ನು 50, ಎರಡನೆಯದನ್ನು 100 ಎಂಬಿ ಮಾಡಿ, ಸಣ್ಣ ವಿಪಿಎಸ್‌ಗೂ (ಬಾಡಿಗೆಯ ವರ್ಚುವಲ್ ಸರ್ವರ್) ಭಾರವಲ್ಲ. ಕ್ಯೂನೇಮ್ ಮಿನಿಮೈಸೇಶನ್ ಅನ್ನೋದು ತಾನಾಗಿ ಆನ್ ಇರುತ್ತದೆ. ಖಾಸಗಿತನಕ್ಕೆ ಅದು ಒಳ್ಳೆಯದೇ. ಆದರೆ ಹೆಸರನ್ನು ತುಂಡು ತುಂಡಾಗಿ ಕೇಳುವುದರಿಂದ ತಿರುಗಿಸಿದ ಐಪಿಗಳಿಗೆ ಪ್ರಶ್ನೆಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಮೇಲ್‌ಗೆಂದೇ ಇಟ್ಟ ಅನ್‌ಬೌಂಡ್‌ನಲ್ಲಿ ನಾನು ಅದನ್ನು ಆಫ್ ಮಾಡುತ್ತೇನೆ.

ಕನಿಷ್ಠ ಟಿಟಿಎಲ್ (ಉತ್ತರವನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುವ ಅವಧಿ) ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಪಟ್ಟಿಗಳ ಟಿಟಿಎಲ್ ತುಂಬಾ ಚಿಕ್ಕದು, ಒಂದು ಗಂಟೆ ಹಿಡಿದಿಟ್ಟರೆ ಪ್ರಶ್ನೆ ಎಷ್ಟೋ ಕಡಿಮೆ ಆಗುತ್ತಲ್ವಾ ಅಂತ. ಆಗುತ್ತದೆ, ನಿಜ. ಆದರೆ ಆ ಟಿಟಿಎಲ್ ಚಿಕ್ಕದಾಗಿರುವುದು ಬೇಕಂತಲೇ. ಹತ್ತು ಗಂಟೆಗೆ ಸ್ಪ್ಯಾಮ್ ಕಳಿಸಲು ಶುರು ಮಾಡಿದ ಐಪಿ ಹತ್ತೂ ಐದಕ್ಕೆ ಪಟ್ಟಿಗೆ ಸೇರಿದರೆ, ನಿಮ್ಮ ಕ್ಯಾಶ್ ಹನ್ನೊಂದರವರೆಗೂ "ಇವನು ಒಳ್ಳೆಯವನು" ಅನ್ನುತ್ತಾ ಇರುತ್ತದೆ. ಪಟ್ಟಿಯಿಂದ ಹೊರಬಂದ ಅಮಾಯಕನಿಗೂ ಅದೇ ಗತಿ. ಮೇಲಾಗಿ ಈ ಸೆಟ್ಟಿಂಗ್ ಬ್ಲಾಕ್‌ಲಿಸ್ಟ್‌ಗೆ ಮಾತ್ರ ಅಲ್ಲ, ಸರ್ವರ್ ಕೇಳುವ ಎಲ್ಲ ಹೆಸರಿಗೂ ಅನ್ವಯ. ಬೇರೆಯವರು ಎಂಎಕ್ಸ್ (ಮೇಲ್ ಎಲ್ಲಿಗೆ ಕಳಿಸಬೇಕು ಅನ್ನುವ ದಾಖಲೆ) ಬದಲಿಸಿದರೂ ನಿಮಗೆ ತಡವಾಗಿ ಗೊತ್ತಾಗುತ್ತದೆ. ಒಂದು ನಿಮಿಷಕ್ಕಿಂತ ಮೇಲೆ ಏರಿಸಲೇಬೇಡಿ. ಬೈಂಡ್ ಎಂಬ ಇನ್ನೊಂದು ಡಿಎನ್‌ಎಸ್ ಪ್ರೋಗ್ರಾಂ ಬರೆದವರು ಈ ಆಸೆಗೆ ಮೊದಲೇ ಕಡಿವಾಣ ಹಾಕಿದ್ದಾರೆ, ಅದರಲ್ಲಿ ಈ ಬೆಲೆ 90 ಸೆಕೆಂಡ್ ದಾಟುವುದಿಲ್ಲ. ಅವಧಿ ಮುಗಿದ ಉತ್ತರವನ್ನೂ ಕೊಡುವ ಸರ್ವ್-ಎಕ್ಸ್‌ಪೈರ್ಡ್ ಸೌಲಭ್ಯವೂ ಇಲ್ಲಿ ಬೇಡ.

ಎಲ್ಲಾ ಮಾಡಿದ ಮೇಲೂ ಹಳೇ ರಿಸಾಲ್ವರ್‌ಗೇ ಪ್ರಶ್ನೆ ಹೋಗುವ ಒಂದು ಜಾಗ ಇದೆ. ಡೆಬಿಯನ್‌ನ ಹಲವು ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್ ಕ್ರೂಟ್ (ಹೊರಗಿನ ಕಡತ ಕಾಣದ ಬೇಲಿ) ಒಳಗೆ ಓಡುತ್ತದೆ. ಶುರುವಾಗುವಾಗ, ಯಾವ ರಿಸಾಲ್ವರ್ ಕೇಳಬೇಕು ಅಂತ ಬರೆದಿರುವ ರಿಸಾಲ್ವ್.ಕಾನ್ಫ್ ಕಡತದ ಒಂದು ನಕಲನ್ನು ತನ್ನ ಸ್ಪೂಲ್ ಡೈರೆಕ್ಟರಿಯ ಒಳಗಿನ ಇಟಿಸಿಗೆ ಎಳೆದುಕೊಳ್ಳುತ್ತದೆ. ನೀವು ಹೊರಗಿನ ಕಡತವನ್ನು 127.0.0.1 ಮಾಡಿದ್ದೀರಿ. ಡಿಎನ್‌ಎಸ್ ಪರೀಕ್ಷಿಸುವ ಡಿಗ್ ಆಜ್ಞೆ ಹಾಕಿ ನೋಡಿದರೆ ಎಲ್ಲಾ ಸರಿ. ಪೋಸ್ಟ್‌ಫಿಕ್ಸ್ ಮಾತ್ರ ಹಳೇ ನಕಲನ್ನೇ ಓದುತ್ತಾ ಕೂತಿರುತ್ತದೆ. ಅನ್‌ಬೌಂಡ್ ಹಾಕಿದ ಮೇಲೆ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ, ಆ ನಕಲನ್ನು ಒಮ್ಮೆ ತೆರೆದು ನೋಡಿ. ಸ್ಪ್ಯಾಮ್‌ಅಸಾಸಿನ್, ಆರ್‌ಸ್ಪ್ಯಾಮ್‌ಡಿಗಳಿಗೆ ಅವುಗಳ ಸೆಟ್ಟಿಂಗ್‌ನಲ್ಲೇ ಡಿಎನ್‌ಎಸ್ ವಿಳಾಸ ಕೊಡಬಹುದು. ಕೊಡುವುದೇ ವಾಸಿ. ವಿಪಿಎಸ್ ರೀಬೂಟ್ ಆದಾಗ ನೆಟ್‌ವರ್ಕ್ ಸೆಟ್ಟಿಂಗ್ ತಾನಾಗಿ ಕೊಡುವ ಡಿಎಚ್‌ಸಿಪಿ ಬಂದು ರಿಸಾಲ್ವ್.ಕಾನ್ಫ್ ಅನ್ನು ಮತ್ತೆ ಬರೆದರೂ ಇವು ಅಲುಗಾಡುವುದಿಲ್ಲ.

ಬೈಂಡ್ ಅಥವಾ ಪವರ್‌ಡಿಎನ್‌ಎಸ್ ರಿಕರ್ಸರ್ ನಿಮಗೆ ಮೊದಲೇ ಕೈಗೆ ಕೂತಿದ್ದರೆ ಅನ್‌ಬೌಂಡ್‌ಗೆ ಬದಲಾಗಬೇಕಿಲ್ಲ. ಮೂರೂ ಈ ಕೆಲಸಕ್ಕೆ ಸಮ.

ಮೂರ್ನಾಲ್ಕು ಮೇಲ್ ಸರ್ವರ್ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ಒಂದು ಅನ್‌ಬೌಂಡ್ ಹಂಚಿಕೊಳ್ಳುವ ಯೋಚನೆ ಬರುತ್ತದೆ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೂ ಸಿಗುತ್ತದೆ, ಒಳ್ಳೆಯದೇ. ಆದರೆ ಅದು ಬಿದ್ದರೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಆಕ್ಸೆಸ್ ಕಂಟ್ರೋಲ್ ಬಿಗಿ ಮಾಡದಿದ್ದರೆ ಯಾರು ಬೇಕಾದರೂ ಕೇಳಬಹುದಾದ ಓಪನ್ ರಿಸಾಲ್ವರ್ ಆಗಿ ಬೇರೆಯವರ ಮೇಲಿನ ದಾಳಿಗೆ ಬಳಕೆಯಾಗುತ್ತದೆ. ನನ್ನ ಕೇಳಿದರೆ ಪ್ರತಿ ಸರ್ವರ್‌ಗೂ ಅದರದೇ ಇರಲಿ.

ಕೀ ತಗೊಂಡು ಕೇಳುವುದು

ಅನ್‌ಬೌಂಡ್ ಹಾಕಿದರೂ ಕೆಲವರಿಗೆ ಮತ್ತೆ 127.255.255.254 ಬರುತ್ತದೆ. ಕ್ಲೌಡ್ ಐಪಿಯ ರಿವರ್ಸ್ ಡಿಎನ್‌ಎಸ್ (ಆ ಐಪಿಗೆ ಇಟ್ಟ ಹೆಸರು) ಬರೀ ಅಂಕಿಗಳ ಸರಮಾಲೆಯಾಗಿದ್ದರೆ ಯಾರು ಕೇಳುತ್ತಿದ್ದಾರೆ ಅಂತ ಸ್ಪ್ಯಾಮ್‌ಹೌಸ್‌ಗೆ ಗೊತ್ತಾಗುವುದಿಲ್ಲ, ಅದನ್ನೂ ತಡೆಯುತ್ತಾರೆ. ಮೊದಲು ರಿವರ್ಸ್ ಡಿಎನ್‌ಎಸ್ ಸರಿಮಾಡಿಸಿ. ಮೇಲ್ ಸರ್ವರ್‌ಗೆ ಅದು ಹೇಗೂ ಬೇಕು. ಅದಾಗದಿದ್ದರೆ ಅವರ ಡೇಟಾ ಕ್ವೆರಿ ಸರ್ವಿಸ್‌ನಲ್ಲಿ ನೋಂದಾಯಿಸಿಕೊಂಡು ಒಂದು ಕೀ ತಗೊಳ್ಳಿ. ಆ ಕೀ ಪಟ್ಟಿಯ ಡೊಮೇನ್ ಹೆಸರಿನಲ್ಲೇ ಸೇರಿಕೊಳ್ಳುತ್ತದೆ. ಲೆಕ್ಕ ಐಪಿ ಮೇಲಲ್ಲ, ಕೀ ಮೇಲೆ. ಹಾಗಾಗಿ ಹೋಸ್ಟಿಂಗ್ ಕಂಪನಿಯ ರಿಸಾಲ್ವರ್ ಬಿಡಲಾಗದವರಿಗೂ ಇದು ದಾರಿ.

ಸಣ್ಣ ಮಟ್ಟದ, ವ್ಯಾಪಾರದ್ದಲ್ಲದ ಬಳಕೆಗೆ ಉಚಿತ. ಸ್ಪ್ಯಾಮ್‌ಹೌಸ್‌ನ ಸಾರ್ವಜನಿಕ ಸರ್ವರ್‌ಗಳಿಗೆ ಬಹುಕಾಲ ಇದ್ದ ಮಿತಿ ದಿನಕ್ಕೆ 1 ಲಕ್ಷ ಎಸ್‌ಎಂಟಿಪಿ ಸಂಪರ್ಕ, 3 ಲಕ್ಷ ಪ್ರಶ್ನೆ. ಕಂಪನಿಯ ಮೇಲ್ ಆದರೆ ಸಂಖ್ಯೆ ಕಡಿಮೆ ಇದ್ದರೂ ಷರತ್ತು ಓದಿಕೊಳ್ಳಿ.

ಕೀ ಬಳಸುವಾಗ ಒಂದು ಹುಷಾರು. ಮೇಲ್ ತಿರಸ್ಕರಿಸಿದಾಗ ಪೋಸ್ಟ್‌ಫಿಕ್ಸ್ ಪಟ್ಟಿಯ ಪೂರ್ತಿ ಹೆಸರನ್ನು ಕಳಿಸಿದವನಿಗೇ ತೋರಿಸುತ್ತದೆ. ಅಂದರೆ ನಿಮ್ಮ ಕೀ ಸ್ಪ್ಯಾಮರ್ ಕೈಗೆ. ಪೋಸ್ಟ್‌ಸ್ಕ್ರೀನ್‌ನ ರಿಪ್ಲೈ ಮ್ಯಾಪ್‌ನಲ್ಲಿ ಆ ಹೆಸರಿನ ಬದಲು ಮಾಮೂಲಿ ಹೆಸರು ಬರುವ ಹಾಗೆ ಮಾಡಿಡಿ.

ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳುವುದು

ಇದು ಬೇರೆಯೇ ದಾರಿ. ಪಟ್ಟಿಯ ಕಡತವನ್ನು ಆರ್‌ಸಿಂಕ್‌ನಲ್ಲಿ ಆಗಾಗ ತರಿಸಿಕೊಂಡು, ಅದನ್ನು ಆರ್‌ಬಿಎಲ್‌ಡಿಎನ್‌ಎಸ್‌ಡಿ ಎಂಬ ಪುಟ್ಟ ಪ್ರೋಗ್ರಾಂ ಮೂಲಕ ನಿಮ್ಮ ಸರ್ವರ್‌ನಲ್ಲೇ ಉತ್ತರಿಸುವುದು. ಮೈಕೆಲ್ ಟೋಕರೆವ್ ಇದನ್ನು ಬ್ಲಾಕ್‌ಲಿಸ್ಟ್‌ಗೆಂದೇ ಬರೆದರು. ಲಕ್ಷಾಂತರ ಐಪಿಗಳನ್ನು ಬೈಂಡ್ ಜೋನ್ ಆಗಿ ತುಂಬಿದರೆ ಮೆಮೊರಿ ನುಂಗಿಬಿಡುತ್ತದೆ. ಇದು ಐಪಿ ಶ್ರೇಣಿಗಳನ್ನು ಒತ್ತಿ ಒತ್ತಿ ಇಟ್ಟುಕೊಳ್ಳುತ್ತದೆ.

ಲಾಭ ಏನು? ಒಂದೂ ಪ್ರಶ್ನೆ ಹೊರಗೆ ಹೋಗುವುದಿಲ್ಲ. ಮಿತಿಯ ಚಿಂತೆ ಇಲ್ಲ. ನಿಮಗೆ ಯಾರು ಮೇಲ್ ಕಳಿಸುತ್ತಾರೆ ಅನ್ನೋದು ಪಟ್ಟಿಯವರಿಗೆ ತಿಳಿಯುವುದಿಲ್ಲ, ಆಸ್ಪತ್ರೆ, ವಕೀಲರ ಕಚೇರಿ ಮುಂತಾದ ಕಡೆ ಇದು ಸಣ್ಣ ವಿಷಯವಲ್ಲ. ಇಂಟರ್ನೆಟ್ ನಿಧಾನವಾದ ದಿನವೂ ಉತ್ತರ ತಕ್ಷಣ.

ಕಷ್ಟವೂ ಅಷ್ಟೇ ಇದೆ. ಸ್ಪ್ಯಾಮ್‌ಹೌಸ್‌ನ ಆರ್‌ಸಿಂಕ್ ಫೀಡ್‌ಗೆ ದುಡ್ಡು ಕೊಡಬೇಕು. ಉಚಿತವಾಗಿ ಕೊಡುವವರಲ್ಲಿ ಪಿಎಸ್‌ಬಿಎಲ್ ಮತ್ತು ಯುಸಿಇಪ್ರೊಟೆಕ್ಟ್ ಇದ್ದಾರೆ. ಪಿಎಸ್‌ಬಿಎಲ್ ಸಭ್ಯ ಪಟ್ಟಿ, ಅಂಕ ಕೊಡಲು ಬಳಸಬಹುದು. ಯುಸಿಇಪ್ರೊಟೆಕ್ಟ್‌ನ ಮೊದಲ ಹಂತ ಪರವಾಗಿಲ್ಲ. ಮೂರನೇ ಹಂತದಲ್ಲಿ ಒಂದು ಹೋಸ್ಟಿಂಗ್ ಕಂಪನಿಯ ಇಡೀ ನೆಟ್‌ವರ್ಕ್ ಪಟ್ಟಿಗೆ ಹೋಗುತ್ತದೆ. ಅದನ್ನು ನೋಡಿ ಮೇಲ್ ತಿರಸ್ಕರಿಸಿದರೆ ನಿಮ್ಮ ಗಿರಾಕಿಗಳ ಮೇಲ್‌ಗಳೇ ಮೊದಲು ಹೋಗುತ್ತವೆ. ಉಚಿತವಾಗಿ ಸಿಗುತ್ತದೆ ಅಂತ ಇಳಿಸಿಕೊಳ್ಳುವುದು ಬೇಡ.

ಜೋಡಿಸುವಾಗಿನ ಗೋಳು ಹೀಗೆ. ಆರ್‌ಬಿಎಲ್‌ಡಿಎನ್‌ಎಸ್‌ಡಿ ತನ್ನ ಪಟ್ಟಿಗೆ ಮಾತ್ರ ಉತ್ತರಿಸುತ್ತದೆ, ಬೇರೆ ಹೆಸರು ಹುಡುಕುವುದಿಲ್ಲ. ಹಾಗಾಗಿ ಅನ್‌ಬೌಂಡ್ ಹೇಗೂ ಮುಂದೆ ಇರಲೇಬೇಕು. ಆರ್‌ಬಿಎಲ್‌ಡಿಎನ್‌ಎಸ್‌ಡಿಯನ್ನು 127.0.0.1ರ ಬೇರೆ ಪೋರ್ಟ್‌ನಲ್ಲಿ, ಉದಾಹರಣೆಗೆ 5353ರಲ್ಲಿ ಕೂರಿಸಿ, ಆ ಪಟ್ಟಿಯ ಹೆಸರಿಗೆ ಅನ್‌ಬೌಂಡ್‌ನಲ್ಲಿ ಸ್ಟಬ್ ಜೋನ್ (ಈ ಹೆಸರನ್ನು ಇಲ್ಲೇ ಕೇಳು ಅನ್ನುವ ಸೂಚನೆ) ಬರೆಯಬೇಕು. ಇಷ್ಟು ಮಾಡಿದರೂ ಉತ್ತರ ಬರುವುದಿಲ್ಲ! ಅನ್‌ಬೌಂಡ್ ತಾನಾಗಿ ಲೋಕಲ್‌ಹೋಸ್ಟ್‌ಗೆ, ಅಂದರೆ ತನ್ನದೇ ಯಂತ್ರಕ್ಕೆ, ಪ್ರಶ್ನೆ ಕಳಿಸುವುದಿಲ್ಲ. ಡು-ನಾಟ್-ಕ್ವೆರಿ-ಲೋಕಲ್‌ಹೋಸ್ಟ್ ಅನ್ನೋ ಸಾಲನ್ನು "ನೋ" ಮಾಡಬೇಕು. ಮೇಲಿನ ಡೊಮೇನ್‌ಗೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿ ಅಂತ ತೋರಿಸುವ) ಸಹಿ ಇದ್ದರೆ ಆ ಜೋನ್ ಅನ್ನು ಡೊಮೇನ್-ಇನ್‌ಸೆಕ್ಯೂರ್ ಅಂತಲೂ ಗುರುತು ಮಾಡಬೇಕು. ಈ ಎರಡು ಸಾಲು ಗೊತ್ತಿಲ್ಲದೆ ಮಧ್ಯಾಹ್ನ ಪೂರ್ತಿ ಹೋಗಬಹುದು.

ಕಡತ ಬದಲಾದರೆ ಆರ್‌ಬಿಎಲ್‌ಡಿಎನ್‌ಎಸ್‌ಡಿ ತಾನೇ ಗಮನಿಸಿ ಮತ್ತೆ ಓದಿಕೊಳ್ಳುತ್ತದೆ. ಪಟ್ಟಿ ದೊಡ್ಡದಾದರೆ ಓದುವ ಹೊತ್ತಿನಲ್ಲಿ ಉತ್ತರ ನಿಲ್ಲುತ್ತದೆ. ಅದಕ್ಕೆ ಫೋರ್ಕ್ ಆಯ್ಕೆ (ಓದುವಾಗ ಇನ್ನೊಂದು ಪ್ರತಿ ಉತ್ತರಿಸುವುದು) ಇದೆ, ಮೆಮೊರಿ ಮಾತ್ರ ಆ ಹೊತ್ತಿಗೆ ಹೆಚ್ಚು ಬೇಕು.

ಎಲ್ಲಕ್ಕಿಂತ ಕೆಟ್ಟದ್ದು, ಆರ್‌ಸಿಂಕ್ ಸದ್ದಿಲ್ಲದೆ ನಿಂತುಹೋಗುವುದು. ಪಾಸ್‌ವರ್ಡ್ ಬದಲಾಯಿತೋ, ಡಿಸ್ಕ್ ತುಂಬಿತೋ, ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಕೈಕೊಟ್ಟಿತೋ. ಎಲ್ಲೂ ಎರರ್ ಬರುವುದಿಲ್ಲ. ಹೋದ ತಿಂಗಳ ಪಟ್ಟಿ ಇಟ್ಟುಕೊಂಡು ಸರ್ವರ್ ಉತ್ತರಿಸುತ್ತಲೇ ಇರುತ್ತದೆ. ಕಡತ ಎರಡು ಗಂಟೆಗಿಂತ ಹಳೆಯದಾದರೆ ಎಚ್ಚರಿಸುವ ವ್ಯವಸ್ಥೆ ಇಲ್ಲದೆ ಈ ದಾರಿಗೆ ಇಳಿಯಬೇಡಿ. ದಿನಕ್ಕೆ ಲಕ್ಷಗಟ್ಟಲೆ ಮೇಲ್ ನೋಡುವ ಐಎಸ್‌ಪಿ, ದೊಡ್ಡ ವಿಶ್ವವಿದ್ಯಾಲಯ, ಮೇಲ್ ಹೋಸ್ಟಿಂಗ್ ಕಂಪನಿಗೆ ಇದು ಸರಿ. ಇನ್ನೂರು ಜನರ ಕಚೇರಿಗೆ ಇದು ಹೆಚ್ಚಾಯಿತು.

ಒಂದು ಪಟ್ಟಿ ಮಾತ್ರ ಇದಕ್ಕೆ ಹೊರತು. ಸ್ಪ್ಯಾಮ್‌ಹೌಸ್‌ನ ಡ್ರಾಪ್ ಪಟ್ಟಿ ಚಿಕ್ಕದು, ಉಚಿತ, ಸಾದಾ ಪಠ್ಯದ ಕಡತ. ಪೂರ್ತಿ ಕೆಟ್ಟವರ ಕೈಯಲ್ಲಿರುವ ನೆಟ್‌ವರ್ಕ್‌ಗಳು ಮಾತ್ರ ಅದರಲ್ಲಿವೆ. ದಿನಕ್ಕೊಮ್ಮೆ ತರಿಸಿ ಲಿನಕ್ಸ್ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನ ಸೆಟ್‌ಗೆ ಹಾಕಿದರೆ ಆಯಿತು. ಡಿಎನ್‌ಎಸ್ ಗೊಡವೆಯೇ ಇಲ್ಲ.

ಉತ್ತರ ಬಂದಿದ್ದೆಲ್ಲ ಬೈಗುಳ ಅಲ್ಲ

ಯಾವ ದಾರಿ ಹಿಡಿದರೂ ಈ ಭಾಗ ಬಿಡುವ ಹಾಗಿಲ್ಲ. ಸುಮ್ನೆ ಪಟ್ಟಿಯ ಹೆಸರು ಬರೆದುಬಿಟ್ಟರೆ ಪೋಸ್ಟ್‌ಫಿಕ್ಸ್ ಯಾವ ಉತ್ತರ ಬಂದರೂ "ಸಿಕ್ಕಿಬಿದ್ದ" ಅಂದುಕೊಳ್ಳುತ್ತದೆ. 127.255.255.254 ಬಂದರೂ ಅಷ್ಟೇ. ಆಗ ಸ್ಪ್ಯಾಮ್ ಅಲ್ಲ, ಎಲ್ಲಾ ಮೇಲ್ ನಿಲ್ಲುತ್ತದೆ. ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯಲ್ಲಿ ನಿಜವಾದ ಉತ್ತರಗಳು 127.0.0.2ರಿಂದ 127.0.0.11ರ ಒಳಗೆ. ಹೆಸರಿನ ಮುಂದೆ ಆ ಶ್ರೇಣಿಯನ್ನು ಕಡ್ಡಾಯವಾಗಿ ಬರೆಯಿರಿ.

ಅದರಲ್ಲೂ 10 ಮತ್ತು 11 ಪಿಬಿಎಲ್‌ನವು. ಮನೆ ಬ್ರಾಡ್‌ಬ್ಯಾಂಡ್, ಮೊಬೈಲ್ ಐಪಿಗಳ ಪಟ್ಟಿ ಅದು. ಅಲ್ಲಿರುವುದು ತಪ್ಪಲ್ಲ, ಅಂಥ ಐಪಿಯಿಂದ ನೇರವಾಗಿ 25ನೇ ಪೋರ್ಟ್‌ಗೆ ಮೇಲ್ ಬರಬಾರದು ಅಂತಷ್ಟೇ. ಈ ತಪಾಸಣೆಯನ್ನು ನಿಮ್ಮವರು ಲಾಗಿನ್ ಆಗಿ ಮೇಲ್ ಕಳಿಸುವ 587ನೇ ಪೋರ್ಟ್‌ಗೂ ಹಾಕಿಬಿಟ್ಟರೆ ಮೈಸೂರಿನ ಮನೆಯಿಂದ ಲಾಗಿನ್ ಆಗಿ ಮೇಲ್ ಕಳಿಸುವ ನಿಮ್ಮದೇ ಸಿಬ್ಬಂದಿ ಹೊರಗುಳಿಯುತ್ತಾರೆ. ಪಾಸ್‌ವರ್ಡ್ ಕೊಟ್ಟು ಬಂದವರನ್ನು ಬ್ಲಾಕ್‌ಲಿಸ್ಟ್ ಮುಟ್ಟುವ ಮೊದಲೇ ಒಳಗೆ ಬಿಡಬೇಕು.

ಪಟ್ಟಿಗಳೂ ಸಾಯುತ್ತವೆ. ಒಆರ್‌ಡಿಬಿ 2006ರ ಕೊನೆಗೆ ಮುಚ್ಚಿತು. ಜನ ಕೇಳುವುದು ನಿಲ್ಲಿಸಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಕೇಳಿದ ಎಲ್ಲ ಐಪಿಗೂ "ಪಟ್ಟಿಯಲ್ಲಿದೆ" ಅನ್ನಲು ಶುರು ಮಾಡಿತು, ಆಗ ಎಚ್ಚೆತ್ತರು. 2021ರ ಜನವರಿ ಕೊನೆಗೆ ಸ್ಪ್ಯಾಮ್‌ಕಾಪ್‌ನ ಡೊಮೇನ್ ನವೀಕರಣ ತಪ್ಪಿ, ಕೇಳಿದ ಹೆಸರಿಗೆಲ್ಲ ಉತ್ತರ ಬರತೊಡಗಿತು. ಉತ್ತರದ ಶ್ರೇಣಿ ಬರೆದಿಟ್ಟವರು ಆ ದಿನ ಪಾರಾದರು. ಸಾರ್ಬ್ಸ್ 2024ರ ಜೂನ್‌ನಲ್ಲಿ ನಿಂತಿತು, ಹಳೇ ಕಾನ್ಫಿಗ್‌ಗಳಲ್ಲಿ ಅದರ ಹೆಸರು ಈಗಲೂ ಸಿಗುತ್ತದೆ. ಇಂಥ ಡೊಮೇನ್ ಅವಾಂತರ ಆರ್‌ಸಿಂಕ್ ಮಾಡಿಕೊಂಡವರನ್ನು ತಟ್ಟುವುದಿಲ್ಲ. ಆ ದಾರಿಗೆ ಇದೊಂದು ಅಂಕ ಜಾಸ್ತಿ.

ಪರೀಕ್ಷೆಗೆ ಆರ್‌ಎಫ್‌ಸಿಯಲ್ಲೇ ವ್ಯವಸ್ಥೆ ಇದೆ. ಐಪಿ ಪಟ್ಟಿಗಳಲ್ಲಿ 127.0.0.2 ಯಾವಾಗಲೂ ಇರಬೇಕು, 127.0.0.1 ಯಾವತ್ತೂ ಇರಬಾರದು. ನೀವು ಬಳಸುವ ಪ್ರತಿ ಪಟ್ಟಿಗೂ ಈ ಎರಡನ್ನೂ ತಿರುಗಿಸಿ ಕೇಳುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಗಂಟೆಗೊಮ್ಮೆ ಕ್ರಾನ್‌ನಲ್ಲಿ ಓಡಿಸಿ. ಮೊದಲನೆಯದಕ್ಕೆ ಉತ್ತರ ಬರದಿದ್ದರೆ ನಿಮ್ಮ ರಿಸಾಲ್ವರ್ ನೋಡಿ. ಅದು ಸರಿ ಇದ್ದರೆ ಪಟ್ಟಿ ಸತ್ತಿದೆ. ಎರಡನೆಯದಕ್ಕೆ ಉತ್ತರ ಬಂದರೆ ಏನೂ ಯೋಚಿಸಬೇಡಿ, ಆ ಪಟ್ಟಿಯ ಸಾಲನ್ನು ಕಾಮೆಂಟ್ ಮಾಡಿ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ, ಅನ್‌ಬೌಂಡ್ ಕ್ಯಾಶ್‌ನಿಂದ ಆ ಜೋನ್ ಅನ್ನು ಫ್ಲಶ್ ಮಾಡಿ. ಕಾರಣ ಆಮೇಲೆ ಹುಡುಕಿದರಾಯಿತು.